ಉಗುರಿಗೆ ಹಿಡಿದ ಬಿಲ್ಲೆ

ಸತ್ತವರಿಗೆ ಬಹುವಚನ ಕೊಡಬೇಕು ಅಂತಾರೆ. ನನ್ನ ಕೈಲಾಗುವುದಿಲ್ಲ. ಬದುಕಿದ್ದಾಗ ಎದುರಿಗೆ ‘ಅಣ್ಣ’ ಅಂದೆ, ಬೆನ್ನ ಹಿಂದೆ ‘ಅವನು’ ಅಂದೆ. ಅವನ ತಿಥಿ ಮುಗಿದು ವಾರವಾಗಿದೆ. ಈಗ ಹೊಸದಾಗಿ ಮರ್ಯಾದೆ ಶುರು ಮಾಡಿದರೆ ಎದ್ದು ಬಂದು ಬೈದಾನು. ಹೆಸರನ್ನೂ ಬರೆಯುವುದಿಲ್ಲ. ಅವನೂ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ, ಊರು ಹಿಡಿದು ಕರೆಯುತ್ತಿದ್ದ. ಆರು ವರ್ಷ ಅವನ ಮುಂದೆ ನಿಂತಿದ್ದೇನೆ, ಅಷ್ಟೂ ವರ್ಷ ನಾನು ಅವನಿಗೆ ‘ಬರಗೂರು’. ಹಾಗಾಗಿ ಅವನೂ ಇಲ್ಲಿ ಬರೀ ಮಧುಗಿರಿಯವನು.

ನಮ್ಮದು ಮರ ಕಡೆಯುವ ಕಸುಬು. ಲೇತಿಗೆ ಮರದ ತುಂಡು ಕಚ್ಚಿಸಿ, ಅದು ತಿರುಗುವಾಗ ಉಳಿ ಒಡ್ಡಿ, ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ತೊಟ್ಟಿಲ ಗುಬುಟು ತೆಗೆಯುತ್ತೇವೆ. ಮೊದಲು ಉಕ್ಕಿನ ಉಳಿ ಇತ್ತು; ದಿನಕ್ಕೆ ಹತ್ತು ಸಲ ಸಾಣೆಚಕ್ರಕ್ಕೆ ಹಿಡಿಯಬೇಕಿತ್ತು. ಆಮೇಲೆ ಕಾರ್ಬೈಡ್ ಬಂತು. ಒಂದು ಸರಳು, ಸರಳಿನ ತುದಿಗೆ ಕೋಟಿನ ಗುಂಡಿಯಷ್ಟು ಬಿಲ್ಲೆ, ಬಿಲ್ಲೆಯ ನಡುವೆ ತೂತು, ತೂತಿಗೊಂದು ಸ್ಕ್ರೂ. ಒಂದು ಕಡೆ ಮೊಂಡಾದರೆ ಸ್ಕ್ರೂ ಸಡಿಲಿಸಿ ಬಿಲ್ಲೆಯನ್ನು ಒಂಚೂರು ತಿರುಗಿಸಿದರೆ ಸಾಕು, ಹೊಸ ಅಂಚು. ಸುತ್ತಲೂ ಮೊಂಡಾದ ಮೇಲೆ ಬಿಸಾಡಿ, ಇದಕ್ಕೆ ಸಾಣೆ ಹತ್ತುವುದಿಲ್ಲ ಅಂತ ಮಾರುವವರು ಹೇಳುತ್ತಿದ್ದರು. ಹತ್ತುತ್ತದೆ, ಇಲ್ಲಿ ತನ್ನಿ ಎಂದವನು ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿಗೆ ಅವನೊಬ್ಬನೇ.

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನ ತಗಡಿನ ಶೆಡ್ಡು. ಒಳಗೆ ಚಕ್ರವಿಲ್ಲ, ಮೋಟಾರಿಲ್ಲ. ಹಲಗೆಯ ಮೇಲೆ ಅಂಗೈ ಅಗಲದ ಎರಡು ಡೈಮಂಡ್ ಪ್ಲೇಟು, ಅಂದರೆ ವಜ್ರದ ಪುಡಿ ಹಿಡಿಸಿದ ಉಕ್ಕಿನ ಪಟ್ಟಿ. ಒಂದು ತರಿ, ಒಂದು ನಯ. ಪಕ್ಕದಲ್ಲಿ ಬಟ್ಟಲು ನೀರು, ಒಂದು ಕರಿ ಸ್ಕೆಚ್ ಪೆನ್ನು. ಬಿಲ್ಲೆಯ ಚಪ್ಪಟೆ ಮುಖಕ್ಕೆ ಪೆನ್ನಿನಿಂದ ಮಸಿ ಬಳಿದು, ಪ್ಲೇಟಿಗೆ ನಾಲ್ಕು ಹನಿ ನೀರು ಬಿಟ್ಟು, ಮುಖ ಕೆಳಗೆ ಮಾಡಿ, ಬೆರಳಲ್ಲಿ ಒತ್ತಿ ಸುತ್ತು ಸುತ್ತಾಗಿ ಉಜ್ಜುತ್ತಿದ್ದ. ಮಸಿ ಎಲ್ಲಾ ಕಡೆ ಒಂದೇ ಸಮ ಹೋದರೆ ಮುಖ ಒಂದೇ ಸಮ ಸವೆದಿದೆ ಅಂತ ಲೆಕ್ಕ. ಅಂಚಿನ ಓರೆಯನ್ನು, ಅಂದರೆ ಅಂಚಿನಿಂದ ಇಳಿಜಾರಾಗಿ ಹೋಗುವ ಬದಿಯನ್ನು ಮಾತ್ರ ಮುಟ್ಟುವ ಹಾಗೇ ಇಲ್ಲ. ಜನ್ಮವೆಲ್ಲಾ ಉಕ್ಕಿನ ಉಳಿಯ ಓರೆ ಉಜ್ಜಿದ ನಮ್ಮಂಥವರ ಕೈ ತಾನಾಗೇ ಓರೆಗೆ ಹೋಗುತ್ತದೆ. ಹಾಗೆ ಹೋದವರೆಲ್ಲ ಅವನ ಬಾಯಿಗೆ ಸಿಕ್ಕರು.

“ಮಖ ಉಜ್ಜಲೇ, ಓರೆ ಮುಟ್ಬ್ಯಾಡ. ಓರೆ ಮುಟ್ಟಿದ್ಯೋ, ನಿನ್ ಬಿಲ್ಲೆ ಗ್ವಾಡೆ ಸೇರ್ತದೆ.”

ಗೋಡೆ ಸೇರುವುದು ಅಂದರೆ ಇದು. ಅವನ ಬೆನ್ನ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದ. ಯಾರಾದರೂ ಮನೆಯಲ್ಲಿ ತಾವೇ ಸಾಣೆಗೆ ಕೈ ಹಾಕಿ ಕೆಡಿಸಿ ತಂದ ಬಿಲ್ಲೆಯನ್ನು ವಾಪಸು ಕೊಡುತ್ತಿರಲಿಲ್ಲ. ಮೊಳೆಗೆ ನೇತು ಹಾಕಿ, ಕೆಳಗೆ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆಯುತ್ತಿದ್ದ. ಬಂದವರೆಲ್ಲ ಕಾಯುತ್ತ ಕೂತು ಅದನ್ನೇ ಓದಬೇಕು. ತೋವಿನಕೆರೆಯವನೊಬ್ಬ ಎರಡನೆಯ ಸಲವೂ ಕೆಡಿಸಿ ತಂದಾಗ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, “ನಿಮ್ ಕಡೆ ಸಿದ್ದರಬೆಟ್ಟದಾಗೆ ಎಲ್ಲಾ ಕಾಯ್ಲೆಗೂ ಬೇರು ಸಿಗ್ತದಂತಲ್ಲಾ, ಬುದ್ಧಿಗೆ ಯಾವ್ದಾರ ಐತಾ ಕೇಳ್ಕಂಬಾ ಓಗು,” ಅಂದ. ಬೈಸಿಕೊಂಡವನೇ ನಕ್ಕ. ನಾವೂ ನಕ್ಕೆವು. ನಗದೆ ಇದ್ದರೆ ಮುಂದಿನ ಸರದಿ ನಮ್ಮದು ಅಂತ ಎಲ್ಲರಿಗೂ ಗೊತ್ತಿತ್ತು.

ಆ ಗೋಡೆಯ ಮೇಲೆ ನಮ್ಮಪ್ಪನ ಬಿಲ್ಲೆಯೂ ಇತ್ತು.

ನಮ್ಮದು ಕುರಿ ಸಾಕುವ ಮನೆ. ಅಪ್ಪ ಒಬ್ಬನೇ ಹಟ ಹಿಡಿದು ಮರ ಕಡೆಯುವುದನ್ನು ಕಲಿತು, ಬರಗೂರಿನಲ್ಲಿ ಲೇತು ಹೂಡಿ, ಅದರಲ್ಲೇ ನಮ್ಮನ್ನು ಸಾಕಿದ. ಅವನ ಕಡಗೋಲು ಕೈಯಲ್ಲಿ ಹಿಡಿದ ಹೆಂಗಸರು ಬೇರೆಯವರದ್ದು ಮುಟ್ಟುತ್ತಿರಲಿಲ್ಲ. ನಾನು ಸಿರಾದಲ್ಲಿ ಶೆಡ್ಡು ಮಾಡಿದ ಹೊಸದರಲ್ಲಿ ಅವನಿಗೊಂದು ಕಾರ್ಬೈಡ್ ಬಿಲ್ಲೆ ತಂದುಕೊಟ್ಟೆ. ಮೊಂಡಾದಾಗ ಅಪ್ಪ ರೂಢಿಯಂತೆ ಸಾಣೆಚಕ್ರಕ್ಕೆ ಹಿಡಿದ, ಅದೂ ಓರೆಯನ್ನು. ಕಲ್ಲು ಸವೆಯಿತೇ ಹೊರತು ಬಿಲ್ಲೆ ಸವೆಯಲಿಲ್ಲ. ಬಿಸಿಗೆ ಅಂಚು ಅಲ್ಲಲ್ಲಿ ಚಕ್ಕೆ ಎದ್ದಿತು. ಇಬ್ಬರೂ ಬಸ್ಸು ಹತ್ತಿ ಮಧುಗಿರಿಗೆ ಹೋದೆವು.

ಅವನು ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿದ. ಆಮೇಲೆ ಅಪ್ಪನನ್ನು ನೋಡಿದ.

“ಯಾವೂರು ಯಜಮಾನ್ರುದು?”

“ಬರಗೂರು ಕಣಪ್ಪ.”

“ಮನೇಲಿ ಏನ್ ಸಾಕೀರಾ?”

“ಕುರಿ.”

“ಅಂಗನ್ನಿ ಮತ್ತೆ. ಕುರಿ ತುಪ್ಪಟ ಕತ್ರಿಸೋ ಕತ್ರಿ ಅನ್ಕಂಡು ಮಸ್ದವ್ರೆ.”

ಶೆಡ್ಡಿನಲ್ಲಿ ಆರು ಜನ ಇದ್ದರು, ಆರೂ ಜನ ನಕ್ಕರು. ಅವನು ಬಿಲ್ಲೆಯನ್ನು ಮೊಳೆಗೆ ಹಾಕಿ, ಕೆಳಗೆ ‘ಬರಗೂರು’ ಅಂತ ಬರೆದು, ಅದರ ಕೆಳಗೆ ಒಂದು ಕುರಿಯ ಚಿತ್ರ ಬರೆದ. ಚೆನ್ನಾಗಿಯೇ ಬರೆದ, ಕಿವಿ ಜೋಲು ಬಿದ್ದಿತ್ತು. ಬೇರೆ ಯಾರ ಊರಿನ ಕೆಳಗೂ ಚಿತ್ರ ಇರಲಿಲ್ಲ. ನನಗೆ ತಡೆಯಲಾಗದ್ದು ಆ ಚಿತ್ರವಲ್ಲ. ಅಪ್ಪನೂ ಅವರ ಜೊತೆ ನಕ್ಕ. ಎಲೆಅಡಿಕೆ ಹಲ್ಲು ಕಾಣುವ ಹಾಗೆ, ಎಲ್ಲರಿಗಿಂತ ಜೋರಾಗಿ, ಕಣ್ಣು ಕೆಳಗೆ ಹಾಕಿಕೊಂಡು ನಕ್ಕ.

 ಮಾರನೆಯ ದಿನ ಅಪ್ಪ ಲೇತಿನ ಮೇಲೆ ಕಂಬಳಿ ಹೊದಿಸಿ, ದೊಣ್ಣೆ ಹಿಡಿದು ಮನೆಯ ಕುರಿ ಹಿಂದೆ ಹೊರಟ. ಆ ಕಂಬಳಿ ಮತ್ತೆ ತೆಗೆಯಲಿಲ್ಲ. ನಾನು ಮಧುಗಿರಿಗೆ ಹೋಗಿ ಬಂದಾಗಲೆಲ್ಲ ಒಂದೇ ಕೇಳುತ್ತಿದ್ದ: “ಇನ್ನೂ ಅಂಗೇ ನೇತಾಕವ್ನಾ?”

ಒಂದೆರಡು ಸಲ ನಾನು ಬಾಯಿ ಬಿಟ್ಟು ಕೇಳಿದೆ. ಅಣ್ಣಾ, ಅಪ್ಪನ ಬಿಲ್ಲೆ ಕೊಟ್ಟುಬುಡು.

“ನಿಮ್ಮಪ್ಪನ್ನೇ ಕಳ್ಸು. ಬಂದು ‘ಅಣ್ಣಾ, ತಪ್ಪಾಯ್ತು’ ಅನ್ಲಿ. ಬಿಚ್ಚಿ ಕೈಗೆ ಕೊಡ್ತೀನಿ.”

ಅಪ್ಪ ಅವನಿಗಿಂತ ಹತ್ತು ವರ್ಷ ದೊಡ್ಡವನು.

ಹಾಗಾದರೆ ಯಾಕೆ ಹೋಗುತ್ತಿದ್ದೆ ಅಂತ ಕೇಳಬಹುದು. ಥೂ ನನ್ನ ಜನ್ಮಕ್ಕೆ, ಅವನ ಕೈ ಅಂಥದ್ದು. ಅವನು ಸಾಣೆ ಹಿಡಿದುಕೊಟ್ಟ ಬಿಲ್ಲೆ ಹಾಕಿ ಹುಣಸೆ ಮರಕ್ಕೆ ಒಡ್ಡಿದರೆ ಸಿಪ್ಪೆ ಪುಡಿಯಾಗದೆ ಉದ್ದಕ್ಕೆ ಸುರುಳಿ ಸುತ್ತಿ ಬರುತ್ತಿತ್ತು. ಕಣ್ಣಿಗೆ ಕಾಣದ ಒಂದು ಚಕ್ಕೆ ಅಂಚಿನಲ್ಲಿದ್ದರೂ ಅದು ಹೋಗುವವರೆಗೆ ಅರ್ಧ ದಿನ ಉಜ್ಜುತ್ತಿದ್ದ, ಮುಗಿಯದ ಕೆಲಸ ಕೊಡುತ್ತಿರಲಿಲ್ಲ. ಕೆಲಸದಲ್ಲಿ ಮೋಸವಿರಲಿಲ್ಲ, ಮನುಷ್ಯನಲ್ಲಿ ಮಾತ್ರ ಒಂದು ಹನಿ ಕರುಣೆ ಇರಲಿಲ್ಲ. ನಾನು ಬೈಗುಳ ತಿನ್ನುತ್ತ ಕೂತು ಅವನ ಬೆರಳು ನೋಡಿ ನೋಡಿಯೇ ವಿದ್ಯೆ ಕದ್ದೆ. ಕಲಿಸು ಅಂತ ಅವನನ್ನು ಯಾವತ್ತೂ ಕೇಳಲಿಲ್ಲ.

ಬಿಲ್ಲೆ ಹದವಾಯಿತೋ ಇಲ್ಲವೋ ಅಂತ ನೋಡುವುದು ಉಗುರಿನ ಮೇಲೆ. ಹೆಬ್ಬೆರಳ ಉಗುರಿಗೆ ಅಂಚನ್ನು ಓರೆಯಾಗಿ ಇಟ್ಟು ಮೆಲ್ಲಗೆ ನೂಕಬೇಕು. ಜಾರಿದರೆ ಮೊಂಡು, ಕಚ್ಚಿದರೆ ಚೂಪು. ಮೊದಮೊದಲು ಅವನು ತನ್ನ ಉಗುರಿಗೇ ಹಿಡಿಯುತ್ತಿದ್ದ. ಆಮೇಲೆ ಒಂದು ಬೇಸಗೆಯಿಂದ ಇದ್ದಕ್ಕಿದ್ದ ಹಾಗೆ ಪದ್ಧತಿ ಬದಲಾಯಿಸಿದ. “ನಿಮ್ ಬಿಲ್ಲೆ, ನಿಮ್ ಉಗ್ರು. ನನ್ ಉಗ್ರು ಯಾಕ್ಲಾ ಕೆಡಿಸ್ಕಳ್ಳಿ? ಚಾಚು ಬೆರ್ಳು,” ಅಂತ ಗಿರಾಕಿಯ ಕೈಯನ್ನೇ ಎಳೆದುಕೊಂಡು ಒತ್ತಲು ಶುರುಮಾಡಿದ. ಮೆಲ್ಲಗೂ ಒತ್ತುತ್ತಿರಲಿಲ್ಲ. ಬೆರಳು ಹಿಂದಕ್ಕೆ ಎಳೆದುಕೊಂಡರೆ, “ಬಾಣಂತಿ ಕೈ ಕಣ್ಲಾ ನಿಂದು,” ಅನ್ನುತ್ತಿದ್ದ. ಪಾವಗಡದ ಸಂತೆಯಲ್ಲಿ ಯಾವನದಾದರೂ ಹೆಬ್ಬೆರಳ ಉಗುರಿನ ಮೇಲೆ ಗೀರು ಕಂಡರೆ ಅವನು ಮರ ಕಡೆಯುವವನು, ಮಧುಗಿರಿಗೆ ಹೋಗಿ ಬಂದವನು ಅಂತ ಗುರುತು ಹಿಡಿಯಬಹುದಿತ್ತು. ನಾವೆಲ್ಲ ಅದನ್ನು ಅವನ ಕ್ರೌರ್ಯದ ಇನ್ನೊಂದು ಬಗೆ ಅಂದುಕೊಂಡೆವು.

ಗುಟ್ಟು ಗೊತ್ತಾದದ್ದು ಟೀಯಿಂದ. ಹೋಟೆಲಿನಿಂದ ಸ್ಟೀಲ್ ಲೋಟದಲ್ಲಿ ಟೀ ಬಂತು, ಕುದಿಕುದಿ. ನಾವೆಲ್ಲ ಲೋಟವನ್ನು ಆ ಕೈಗೆ ಈ ಕೈಗೆ ಬದಲಾಯಿಸುತ್ತ ಊದುತ್ತಿದ್ದೆವು. ಅವನು, ಸಕ್ಕರೆ ಹಾಕದ ತನ್ನ ಟೀ ಲೋಟವನ್ನು ಐದೂ ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಯಾರನ್ನೋ ಬೈಯುತ್ತ ಕೂತಿದ್ದ. ಲೋಟ ಕೆಳಗಿಟ್ಟಾಗ ನೋಡಿದೆ, ಬೆರಳ ತುದಿಗಳು ಕೆಂಪಗೆ ಬೆಂದ ಹಾಗಿದ್ದವು. ಅವನಿಗೆ ಅದರ ಪರಿವೆಯೇ ಇಲ್ಲ. ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆಯಲ್ಲಿ ಪಾದ ಹೀಗೇ ಜೋಮು ಹಿಡಿದಿತ್ತು, ಚಪ್ಪಲಿ ಕಳಚಿದ್ದೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ನಾನು ಅವನ ಕೈ ನೋಡುವುದು ಬಿಟ್ಟು ಕಣ್ಣು ನೋಡತೊಡಗಿದೆ. ಗಿರಾಕಿಯ ಉಗುರಿಗೆ ಬಿಲ್ಲೆ ಒತ್ತುವಾಗ ಅವನು ಉಗುರು ನೋಡುತ್ತಿರಲಿಲ್ಲ. ಗಿರಾಕಿಯ ಮುಖ ನೋಡುತ್ತಿದ್ದ. ಮುಖ ಕಿವುಚಿದರೆ ಬಿಲ್ಲೆ ಕಚ್ಚಿತು, ಸುಮ್ಮನಿದ್ದರೆ ಇನ್ನೂ ಉಜ್ಜಬೇಕು.

ನಾಲ್ಕು ತಾಲ್ಲೂಕಿನ ಉಳಿ ಕಾಯುವ ಬೆರಳು ಸತ್ತುಹೋಗಿತ್ತು. ಅವನು ನಮ್ಮ ನೋವಿನಿಂದ ಕಸುಬು ನಡೆಸುತ್ತಿದ್ದ.

ಅವತ್ತೇ ಒಬ್ಬನನ್ನೇ ಕರೆದು ಹೇಳಬಹುದಿತ್ತು. ಅಣ್ಣಾ, ನನಗೆ ಗೊತ್ತಾಗಿದೆ, ಆಸ್ಪತ್ರೆಗೆ ಹೋಗು, ಉಗುರು ನೋಡುವ ಕೆಲಸ ನಾನು ಮಾಡಿಕೊಡುತ್ತೇನೆ ಅನ್ನಬಹುದಿತ್ತು. ಹಾಗೆ ಅನ್ನುವವನು ನಾನಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ನಾನು ಒಂದು ತಿಂಗಳು ಕಾದೆ. ಶೆಡ್ಡು ತುಂಬಿರುವ ದಿನ ನೋಡಿಕೊಂಡು ಹೋದೆ.

ನನ್ನ ಬಿಲ್ಲೆ ಉಜ್ಜಿ, “ಚಾಚಲೇ ಬರಗೂರು,” ಅಂದ. ಎಡಗೈ ಹೆಬ್ಬೆರಳು ಚಾಚಿದೆ. ಒತ್ತಿದ. ಕಚ್ಚಿತು, ಚೆನ್ನಾಗಿಯೇ ಕಚ್ಚಿತು. ನಾನು ಎದುರಿನ ಗೋಡೆಯ ಕುರಿಯನ್ನು ನೋಡುತ್ತ ಮುಖ ಕಲ್ಲು ಮಾಡಿಕೊಂಡೆ.

“ಮೊಂಡು ಕಣಣ್ಣ,” ಅಂದೆ.

ಅವನು ತಿರುಗಿ ಪ್ಲೇಟಿಗೆ ಹಾಕಿದ. ಉಜ್ಜಿದ. ಮತ್ತೆ ಒತ್ತಿದ. ಉಗುರು ಸೀಳಿತು. ನಾನು ಅಲ್ಲಾಡಲಿಲ್ಲ.

“ಇನ್ನೂ ಮೊಂಡೇ. ಏನಣ್ಣಾ, ಕೈ ಸೋತೋಯ್ತಾ?”

ಯಾರೋ ಹಿಂದೆ ಕಿಸಕ್ಕೆಂದರು. ಆ ಶೆಡ್ಡಿನಲ್ಲಿ ಅವನನ್ನು ನೋಡಿ ಯಾರಾದರೂ ನಕ್ಕದ್ದು ಅದೇ ಮೊದಲು. ಅವನ ಕುತ್ತಿಗೆ ಕೆಂಪಾಯಿತು. ಮೂರನೆಯ ಸಲ ನನ್ನ ಮುಖಕ್ಕೆ ಮುಖ ತಂದು, ಕಣ್ಣಲ್ಲಿ ಕಣ್ಣಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ನೂಕಿದ. ಬಿಲ್ಲೆ ಉಗುರಿನ ಬುಡಕ್ಕೆ ಇಳಿಯಿತು. ಉಸಿರು ಬಿಗಿಹಿಡಿದು, ಒಳಗೆ ಅವನ ವಂಶದ ಏಳು ತಲೆಮಾರನ್ನು ಬೈದುಕೊಂಡು, ಸುಮ್ಮನೆ ನಿಂತೆ. ಪಕ್ಕದಲ್ಲಿದ್ದ ಪಾವಗಡದವನು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೂಗಿಕೊಂಡ:

“ಅಯ್ಯೋ ಸಾಮಿ, ರಕ್ತಂ ಕಾರ್ತಾ ಉಂದಿ ಕದಾ! ನೋಡ್ರಪ್ಪಾ, ಆಯಪ್ಪನ ಬೆರಳು ನೋಡ್ರಿ!”

ಅವನು ಕೆಳಗೆ ನೋಡಿದ. ಪ್ಲೇಟಿನ ನೀರಿನಲ್ಲಿ ನನ್ನ ರಕ್ತ ತೊಟ್ಟಿಕ್ಕುತ್ತಿತ್ತು. ಮತ್ತೆ ನನ್ನ ಮುಖ ನೋಡಿದ. ನನಗೆ ಗೊತ್ತಿದೆ ಅಂತ ಅವನಿಗೆ ಗೊತ್ತಾದದ್ದು ಆಗ.

“ನಿನ್ ಬೆರ್ಳೇ ಸತ್ತೋಗೈತಲ್ಲಣ್ಣ,” ಅಂದೆ, ಎಲ್ಲರಿಗೂ ಕೇಳುವ ಹಾಗೆ. “ಬಿಸಿ ಲೋಟ ಇಡ್ಕಂಡ್ರೂ ಗೊತ್ತಾಗಾಕಿಲ್ಲ ನಿಂಗೆ. ಇಷ್ಟ್ ದಿನ ನಮ್ ಮಖ ನೋಡ್ಕಂಡು ಸಾಣೆ ಇಡಿತಿದ್ದೆ.”

 ನಾನು ಗೋಡೆಯ ಹತ್ತಿರ ಹೋಗಿ ಅಪ್ಪನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡೆ. ಕುರಿಯನ್ನು ರಕ್ತದ ಕೈಯಲ್ಲೇ ಒರೆಸಿದೆ. ತಡೆಯುವವರು ಯಾರೂ ಇರಲಿಲ್ಲ.

ಅಪ್ಪ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕ. ಆರು ವರ್ಷದ ಮೇಲೆ ನಕ್ಕ. “ಎಲ್ರ ಮುಂದೇನೇ ಅಂದ್ಯಾ? ಇನ್ನೊಂದ್ ಸಲ ಏಳ್ಲಾ,” ಅಂತ ನಾಲ್ಕು ಸಲ ಹೇಳಿಸಿದ. ಕುರಿ ಕಾಯುವ ಹೊಲದಲ್ಲಿ, ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಸಿಕ್ಕಿದವರಿಗೆಲ್ಲ ಅವನೂ ಹೇಳಿದ. ಹೇಳುತ್ತ ಹೇಳುತ್ತ ನಾನು ಬೆರಳು ಕೊಟ್ಟ ಮೂರು ಸಲ ಏಳು ಸಲವಾಯಿತು. ಲೇತಿನ ಮೇಲಿನ ಕಂಬಳಿ ಮಾತ್ರ ತೆಗೆಯಲಿಲ್ಲ. ಆ ಕೈಗೆ ಅಷ್ಟರಲ್ಲಿ ದೊಣ್ಣೆಯೇ ರೂಢಿಯಾಗಿತ್ತು.

ಬೆರಳು ಸತ್ತವನಿಗೆ ಯಾರು ತಾನೇ ಬಿಲ್ಲೆ ಕೊಡುತ್ತಾರೆ? ಮೂರ್ನಾಲ್ಕು ತಿಂಗಳಲ್ಲಿ ಅವನ ಶೆಡ್ಡಿನ ಬಾಗಿಲು ಮುಚ್ಚಿತು. ಜನ ಸಿರಾಕ್ಕೆ, ನನ್ನ ಹತ್ತಿರ ಬಂದರು. ನಾನೂ ಎರಡು ಡೈಮಂಡ್ ಪ್ಲೇಟು ಇಟ್ಟುಕೊಂಡೆ, ಕರಿ ಪೆನ್ನು ಇಟ್ಟುಕೊಂಡೆ. ಯಾರಾದರೂ ಓರೆ ಉಜ್ಜಿ ಕೆಡಿಸಿ ತಂದರೆ ನನ್ನ ಬಾಯಿಂದ ಬರುತ್ತಿದ್ದ ಮಾತು ಅವನದ್ದೇ. ಒಂದು ದಿನ ಗೋಡೆಗೆ ಒಂದು ಮೊಳೆಯನ್ನೂ ಹೊಡೆದೆ. ತಮಾಷೆಗೆ ಅಂತ ಹೊಡೆದೆ.

ಹೋದ ತಿಂಗಳು ಅವನು ನನ್ನ ಶೆಡ್ಡಿಗೆ ಬಂದ. ಇಳಿದುಹೋಗಿದ್ದ, ಬಿಳಿ ಪಂಚೆ ಉಟ್ಟಿದ್ದ, ಹೊಸ್ತಿಲನ್ನು ಕಾಲಲ್ಲಿ ತಡಕಿ ದಾಟಿದ. ಕಣ್ಣೂ ಮಂಜಾಗಿತ್ತು ಅಂತ ಕಾಣುತ್ತದೆ. ನನ್ನ ಹತ್ತಿರ ಮೂರು ಜನ ಗಿರಾಕಿಗಳಿದ್ದರು, ಅವರಲ್ಲೊಬ್ಬರು ಸಿರಾದ ಸೋಫಾ ಮಾಡುವ ಸಾಬರು. ಅವನು ಜೇಬಿನಿಂದ ಒಂದು ಬಿಲ್ಲೆ ತೆಗೆದು ಹಲಗೆಯ ಮೇಲಿಟ್ಟ.

“ಸಾಣೆ ಇಡ್ಕೊಡು. ನನ್ ಕೈಲಿ ಆಗಾಕಿಲ್ಲ. ಸುಮ್ಕೆ ಕುಂತು ಬ್ಯಾಸರ ಬಂದೈತೆ, ಮನೇಲಿ ಒಂದ್ ಲೇತೈತೆ, ಏನಾರ ಕಡೀತೀನಿ.”

ಅವನ ಬಾಯಲ್ಲಿ ‘ನನ್ ಕೈಲಿ ಆಗಾಕಿಲ್ಲ’ ಅನ್ನುವ ಮಾತು ಎಷ್ಟು ದೊಡ್ಡದು ಅಂತ ಅವತ್ತು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಏನು ಮಾಡುತ್ತಿದ್ದೆನೋ. ಉಜ್ಜಿದೆ. ಅವನೇ ಹೆಬ್ಬೆರಳು ಚಾಚಿದ. “ನೋಡು,” ಅಂದ. ಒತ್ತಿದೆ. ಉಗುರಿಗೆ ಕಚ್ಚಿದ್ದು ನನ್ನ ಕೈಗೆ ತಿಳಿಯಿತು.

“ಮೊಂಡು ಕಣ್ಲಾ,” ಅಂದ.

ಮತ್ತೆ ಉಜ್ಜಿದೆ, ಮತ್ತೆ ಒತ್ತಿದೆ. “ಮೊಂಡು.” ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಸೇಡು ತೀರಿಸಲು ಬಂದಿದ್ದಾನೆ, ನನ್ನ ಶೆಡ್ಡಿನಲ್ಲಿ ನನ್ನ ಜನದ ಮುಂದೆ ನನ್ನನ್ನು ಕುರಿ ಮಾಡಲು ಬಂದಿದ್ದಾನೆ ಅಂತ ಮೈಯೆಲ್ಲ ಉರಿದುಹೋಯಿತು. ಮೂರನೆಯ ಸಲ ಬೇಕಂತಲೇ ಒತ್ತಿದೆ. ಅವನು ನನಗೆ ಒತ್ತಿದ ಜಾಗಕ್ಕೇ, ಉಗುರಿನ ಬುಡಕ್ಕೇ ಒತ್ತಿದೆ. ಎಷ್ಟು ಆಳಕ್ಕೆ ಹೋಯಿತು ಅಂತ ನನಗೆ ಗೊತ್ತು. ಅವನು ನನ್ನ ಮುಖದ ಕಡೆಗೇ ತಿರುಗಿ ನಿಂತಿದ್ದ, ಏನಾದರೂ ಕಂಡೀತೇನೋ ಅಂತ. ನಾನು ಏನೂ ತೋರಿಸಲಿಲ್ಲ.

“ಮೊಂಡೇ. ಇಂಥ ಬಿಲ್ಲೆ ನಂಗ್ಯಾಕ್ಲಾ? ನಿನ್ ಗ್ವಾಡೆಗೇ ನೇತಾಕ್ಕ,” ಅಂದು ಕೈಯನ್ನು ಪಂಚೆಗೆ ಒರೆಸಿಕೊಂಡ. ಬಿಳಿ ಪಂಚೆಯ ಮೇಲೆ ರಕ್ತ ಉದ್ದಕ್ಕೆ ಬಳಿದುಕೊಂಡಿತು. ಸಾಬರು ನನಗೆ ರಕ್ತವನ್ನು ಕಣ್ಣಲ್ಲೇ ತೋರಿಸಿದರು. ನಾನು ತಲೆಯಾಡಿಸಿ ಸುಮ್ಮನಿರಿಸಿದೆ. ಅವನ ಶೆಡ್ಡಿನಲ್ಲಿ ಕೂಗಲು ಒಬ್ಬ ಪಾವಗಡದವನಾದರೂ ಇದ್ದ. ನನ್ನ ಶೆಡ್ಡಿನಲ್ಲಿ ಯಾರೂ ಅವನಿಗೆ ಹೇಳಲಿಲ್ಲ. ಅವನು ಹಾಗೇ ತಡಕಿಕೊಂಡು ಮಧುಗಿರಿ ಬಸ್ಸಿಗೆ ಹೋದ.

ನೇತು ಹಾಕು ಅಂದನಲ್ಲ, ಹಾಕಿದೆ. ಕೆಳಗೆ ‘ಮಧುಗಿರಿ’ ಅಂತ ಬರೆದು ಒಂದು ಹೆಬ್ಬೆರಳಿನ ಚಿತ್ರವನ್ನೂ ಬರೆದೆ. ಗಿರಾಕಿಗಳು ನಕ್ಕರು. ಸಾಬರು ನಗಲಿಲ್ಲ, ತಮ್ಮ ಬಿಲ್ಲೆ ತೆಗೆದುಕೊಂಡು ಹೊರಟರು.

ಇಪ್ಪತ್ತು ದಿನ ಕಳೆದು ಅವನ ಮಗಳು ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. “ಮಧುಗಿರಿಯಿಂದ ಬಂದೆ ಅಣ್ಣ. ಅಪ್ಪ ತೀರ್ಕಂಡ್ರು. ಶುಕ್ರವಾರ ತಿಥಿ, ಬರ್ಬೇಕು. ಅಪ್ಪುಂದೊಂದು ಬಿಲ್ಲೆ ನಿಮ್ಮತ್ರ ಐತಂತೆ, ಇಸ್ಕಂಡೋಗಾಣ ಅಂತ…” ಅನ್ನುತ್ತಿದ್ದವಳು ನಿಂತಳು. ಗೋಡೆ ಕಂಡಿತ್ತು. ಊರಿನ ಹೆಸರು ಓದಿದಳು, ಹೆಬ್ಬೆರಳು ನೋಡಿದಳು. ನಾನು ಎದ್ದು ಬಿಲ್ಲೆ ತೆಗೆದು ಕೊಟ್ಟು, ಸೀಮೆಸುಣ್ಣವನ್ನು ಅಂಗೈಯಲ್ಲಿ ಒರೆಸಿದೆ. ಪೂರ್ತಿ ಹೋಗಲಿಲ್ಲ.

“ಅವತ್ತು ಮನೆಗೆ ಬಂದಾಗ ಪಂಚೆಯೆಲ್ಲ ರಕ್ತ,” ಅಂದಳು. “ಏನಪ್ಪಾ ಇದು ಅಂದೆ. ‘ರಕ್ತಾನಾ?’ ಅಂತ ಬೆರ್ಳು ಕಣ್ಣತ್ರ ಇಡ್ಕಂಡು ನೋಡುದ್ರು. ಆಮೇಲೆ, ‘ಅಂಗಾರೆ ಚೂಪೇ ಇತ್ತು ಕಣವ್ವ. ಅಷ್ಟ್ ಜನದ ಮುಂದೆ ಅವ್ನ ಕೆಲ್ಸಾನ ಮೊಂಡು ಅಂದ್ಬುಟ್ಟೆ. ನಾಳೀಕೆ ಓಗಿ ಏಳ್ಬುಟ್ಟು ಬತ್ತೀನಿ’ ಅಂದ್ರು. ಮಾರ್ನೇ ದಿನಕ್ಕೆ ಕೈ ಊದ್ಕಂತು. ಸಕ್ರೆ ಕಾಯ್ಲೆ ನೋಡಿ, ಮೂರ್ ದಿನಕ್ಕೆ ಬೆರ್ಳು ಕಪ್ಪಾಯ್ತು. ತುಮಕೂರಲ್ಲಿ ಮೊದ್ಲು ಬೆರ್ಳು ತೆಗುದ್ರು, ಆಮೇಲೆ ಕೈ ತೆಗುದ್ರು. ಆದ್ರೂ ನಂಜು ಮೈಗೇರ್ಬುಡ್ತು.”

 ಸೇಡಿಗೆ ಬಂದಿರಲಿಲ್ಲ ಅವನು. ನಿಜವಾಗಿಯೂ ಗೊತ್ತಾಗಿರಲಿಲ್ಲ.

“ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ,” ಅಂದಳು. “ಡಾಕ್ಟ್ರು ಭಾಳ ಆಳಕ್ಕೆ ಓಗೈತೆ ಅಂದ್ರು. ಉಗ್ರು ನೋಡೋಕೆ ಅಷ್ಟು ಒತ್ತಾಕಿಲ್ಲ, ನಾನೂ ಚಿಕ್ಕವಳಿಂದ ನೋಡಿವ್ನಿ. ಅಪ್ಪನೇ ಒತ್ಕಂಡ್ರಾ, ನೀವ್ ಒತ್ತಿದ್ರಾ?”

ಅವಳ ಕಣ್ಣು ಕೈಯಲ್ಲಿದ್ದ ಬಿಲ್ಲೆಯ ಮೇಲಿರಲಿಲ್ಲ. ನನ್ನ ಮುಖದ ಮೇಲಿತ್ತು, ಅವಳಪ್ಪ ನೋಡುತ್ತಿದ್ದ ಹಾಗೇ, ರೆಪ್ಪೆ ಮುಚ್ಚದೆ.

“ಅವ್ರೇ ಒತ್ಕಂಡ್ರು ಕಣಮ್ಮ,” ಅಂದೆ.

ನನ್ನ ಮುಖ ಅಲ್ಲಾಡಲಿಲ್ಲ. ಅವಳು ನಂಬಿದಳು.